ಅರ್ಧ ಸ್ಪೀಕರ್ ಬಾಗಿಲಿನಲ್ಲಿದೆ

ಶಿರಸಿಯಿಂದ ಕುಮಟೆಗೆ ಸುಮಾರು 60 ಕಿಲೋಮೀಟರ್. ದೇವಿಮನೆ ಘಟ್ಟ ಇಳಿದು ಬಯಲು ಸೇರುವಷ್ಟರಲ್ಲಿ ಕರ್ಣಪರ್ವದ ತಾಳಮದ್ದಳೆಯಲ್ಲಿ ಶಲ್ಯ ಕರ್ಣನನ್ನು ಹಂಗಿಸಿ ಮುಗಿಸಿರುತ್ತಾನೆ. ಕಾರು ಓಡಿಸುವವನಿಗೆ ಶಲ್ಯನ ಮೇಲೆ ತುಸು ಪಕ್ಷಪಾತ ಇದ್ದರೆ ತಪ್ಪಲ್ಲ, ಅವನೂ ಸಾರಥಿಯೇ. ಹಳೆಯ ಕಾರಿಗೆ ಹೊಸ ಸ್ಪೀಕರ್ ಹಾಕಿಸಿದ ಮರುದಿನ ನಾನು ಅದೇ ಪ್ರಸಂಗ ಹಚ್ಚಿಕೊಂಡು ಘಟ್ಟ ಇಳಿದೆ. ಮಾತು ಕೇಳುತ್ತಿತ್ತು, ಚಂಡೆ ಕೇಳುತ್ತಿತ್ತು, ಮದ್ದಳೆಯ ಗುಂಕಾರ ಮಾತ್ರ ಎಲ್ಲೋ ಬಿದ್ದುಹೋಗಿತ್ತು. ಡಬ್ಬಿಯ ಮೇಲೆ 300 ವ್ಯಾಟ್ ಎಂದು ಬರೆದಿತ್ತು. ಕಂಪನಿಯಿಂದಲೇ ಬಂದಿದ್ದ ತೆಳು ಕಾಗದದ ಸ್ಪೀಕರ್ ಇದಕ್ಕಿಂತ ಚೆನ್ನಾಗಿತ್ತು ಎಂದರೆ ನಂಬುತ್ತೀರಾ? ಅಂಗಡಿಯವರು "ಸ್ವಲ್ಪ ದಿನ ಹಾಡಲಿ ಬಿಡಿ, ಪಳಗುತ್ತದೆ" ಎಂದರು.

ಪಳಗಲಿಲ್ಲ. ಊರಿನಲ್ಲಿ ಮೈಕ್‌ಸೆಟ್ ಇಟ್ಟಿರುವ ನಮ್ಮ ಭಾವ ಒಂದು ಸಂಜೆ ಸ್ಟೀರಿಯೋದ ಹಿಂದಿನ ತಂತಿಗಳನ್ನು ಹೊರಗೆಳೆದು, ಗಡಿಯಾರಕ್ಕೆ ಹಾಕುವ 1.5 ವೋಲ್ಟಿನ ಸೆಲ್ಲನ್ನು ಒಂದೊಂದು ಜೋಡಿಗೂ ಮುಟ್ಟಿಸಿದರು. ಬಲಬಾಗಿಲಿನ ಸ್ಪೀಕರಿನ ಕೋನ್, ಅಂದರೆ ಅಲುಗಿ ಸದ್ದು ಮಾಡುವ ಆಲಿಕೆಯಂಥ ಭಾಗ, ಮುಂದಕ್ಕೆ ಬಂತು, ಎಡಬಾಗಿಲಿನದು ಹಿಂದಕ್ಕೆ ಹೋಯಿತು. ಎಡಗಡೆಯ ಪ್ಲಸ್ ಮತ್ತು ಮೈನಸ್ ಅದಲುಬದಲಾಗಿದ್ದವು. ಒಂದು ಕಡೆಯ ಸ್ಪೀಕರ್ ಗಾಳಿಯನ್ನು ತಳ್ಳುವ ಹೊತ್ತಿಗೆ ಇನ್ನೊಂದು ಎಳೆದುಕೊಳ್ಳುತ್ತಿತ್ತು. ಇದರಿಂದ ಮಾತು ಕೆಡದೆ ಬರೀ ಗುಂಕಾರ ಸತ್ತದ್ದೇಕೆ? ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. 100 ಹರ್ಟ್ಜ್‌ನ, ಅಂದರೆ ಸೆಕೆಂಡಿಗೆ ನೂರು ಸಲ ಕಂಪಿಸುವ ಸ್ವರದ, ಒಂದು ಅಲೆಯ ಉದ್ದ ಹೆಚ್ಚುಕಡಿಮೆ ಮೂರೂವರೆ ಮೀಟರ್, ಅಂದರೆ ಕಾರಿನ ಒಳಗಿನ ಅಗಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಅಷ್ಟು ಉದ್ದದ ಎರಡು ಅಲೆಗಳು ಎದುರುಬದುರಾಗಿ ಹೊರಟರೆ ಕಾರಿನೊಳಗೆ ಒಂದನ್ನೊಂದು ಅಳಿಸಿಹಾಕುತ್ತವೆ. 10,000 ಹರ್ಟ್ಜ್‌ನ ಅಲೆ ಮೂರೂವರೆ ಸೆಂಟಿಮೀಟರ್. ಅದು ಒಂದೆಡೆ ಅಳಿದರೆ ಬೆರಳಗಲ ಆಚೆ ಮತ್ತೆ ಹುಟ್ಟಿರುತ್ತದೆ. ಐದು ನಿಮಿಷದ ಕೆಲಸ, ಖರ್ಚು ಒಂದು ಲೋಟ ಚಹಾ. ಮದ್ದಳೆ ಮರಳಿ ಬಂತು, ಪೂರ್ತಿ ಅಲ್ಲದಿದ್ದರೂ.

ಆ ಕೊರತೆಯ ಕಥೆಗೆ ಮೊದಲು, ಡಬ್ಬಿಯ ಮೇಲಿನ ಸಂಖ್ಯೆಯ ಕಥೆ. ಸ್ಪೀಕರ್ ತಾನಾಗಿ ಒಂದು ವ್ಯಾಟನ್ನೂ ಹುಟ್ಟಿಸುವುದಿಲ್ಲ. 300 ವ್ಯಾಟ್ ಎನ್ನುವುದು ಅದು ಕ್ಷಣಮಾತ್ರ ತಾಳಿಕೊಳ್ಳಬಲ್ಲದು ಎಂದು ತಯಾರಕರು ಹೇಳಿಕೊಂಡ ಮಿತಿ. ಸತತವಾಗಿ ತಾಳುವುದೆಷ್ಟು ಎಂದು ಹೇಳುವ ಆರ್‌ಎಂಎಸ್ ಅಂಕಿ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಇನ್ನು ಶಕ್ತಿ ಕೊಡುವ ಸ್ಟೀರಿಯೋ ತಾನು "50 ವ್ಯಾಟ್ ನಾಲ್ಕು ಚಾನೆಲ್" ಎಂದು ಬೀಗುತ್ತದೆ. ಈ 50 ಎಲ್ಲಿಂದ ಬಂತೆಂದು ಹೈಸ್ಕೂಲಿನ ಲೆಕ್ಕದಲ್ಲೇ ತಿಳಿಯಬಹುದು. ಎಂಜಿನ್ ಓಡುವಾಗ ಕಾರಿನ ವಿದ್ಯುತ್ತು ಸುಮಾರು 14.4 ವೋಲ್ಟ್. ಅದರ ವರ್ಗ 207. ಕಾರಿನ ಸ್ಪೀಕರಿನ ರೋಧ ಸಾಮಾನ್ಯವಾಗಿ 4 ಓಮ್. ಭಾಗಿಸಿದರೆ ಸುಮಾರು 52 ವ್ಯಾಟ್. ಆದರೆ ಇದು ಅಲೆಯ ನೆತ್ತಿ ಕತ್ತರಿಸಿ ಚೌಕ ಮಾಡಿದಾಗ, ಅಂದರೆ ಸ್ವರ ಪೂರ್ತಿ ಒಡೆದು ಕಿರುಚುವಾಗ ಸಿಗುವ ಶಕ್ತಿ. ಶುದ್ಧ ಅಲೆಗೆ ಅದರ ಅರ್ಧ, 26. ಒಳಗಿನ ನಷ್ಟ ಕಳೆದರೆ 20ರ ಆಸುಪಾಸು. ಬೇರೆ ಆಂಪ್ಲಿಫೈಯರ್ ಹಾಕಿಸದವರಿಗೆ ಸಿಗುವುದು ಇಷ್ಟೇ. ಇದರ ಮುಂದೆ 300 ವ್ಯಾಟಿನ ಸ್ಪೀಕರ್ ಕೊಳ್ಳುವುದೆಂದರೆ ಚೊಂಬು ನೀರು ಹಿಡಿಯಲು ಹಂಡೆ ತಂದಂತೆ.

ಡಬ್ಬಿಯಲ್ಲಿ ನೋಡಬೇಕಾದದ್ದು ಸೆನ್ಸಿಟಿವಿಟಿ ಎಂಬ ಸಾಲು: ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು? ಪ್ರತಿ 3 ಡೆಸಿಬಲ್ ಏರಿಕೆಗೆ ಬೇಕಾಗುವ ಶಕ್ತಿ ಎರಡು ಪಟ್ಟು. ಹಾಗಾಗಿ 92 ಡೆಸಿಬಲ್‌ನ ಸ್ಪೀಕರ್ 20 ವ್ಯಾಟಿನಲ್ಲಿ ಮಾಡುವ ಕೆಲಸಕ್ಕೆ 86ರ ಸ್ಪೀಕರಿಗೆ 80 ವ್ಯಾಟ್ ಬೇಕು. ಇಲ್ಲೂ ಒಂದು ಕೈಚಳಕವಿದೆ. ಕೆಲವರು ಒಂದು ವ್ಯಾಟಿನ ಬದಲು 2.83 ವೋಲ್ಟ್ ಕೊಟ್ಟು ಅಳೆಯುತ್ತಾರೆ. 8 ಓಮ್‌ನ ಮನೆ ಸ್ಪೀಕರಿಗೆ ಅದು ಒಂದು ವ್ಯಾಟ್ ಆದರೆ 4 ಓಮ್‌ನ ಕಾರಿನ ಸ್ಪೀಕರಿಗೆ ಎರಡು. ಪುಕ್ಕಟೆಯಾಗಿ 3 ಡೆಸಿಬಲ್ ಸಿಕ್ಕಿತು!

ಹಾಗೆ ನೋಡಿದರೆ 92 ಡೆಸಿಬಲ್‌ನ ಒಳ್ಳೆಯ ಸ್ಪೀಕರ್ ಕೂಡ ಬಂದ ವಿದ್ಯುತ್ತಿನಲ್ಲಿ ನೂರರಲ್ಲಿ ಒಂದು ಪಾಲನ್ನಷ್ಟೇ ಸದ್ದಾಗಿಸುತ್ತದೆ; ಮಿಕ್ಕದ್ದು ಸುರುಳಿಯ ಬಿಸಿ. ಬಯಲಾಟದ ರಾತ್ರಿ ಕಂಬಕ್ಕೆ ಕಟ್ಟಿದ ಭಾವನ ಹಾರ್ನುಗಳು ಇದಕ್ಕೆ ಅಪವಾದ. ಗದ್ದೆ ದಾಟಿ ಆಚೆ ಕೇರಿಗೂ ಭಾಗವತರ ಪದ್ಯ ಕೇಳಿಸುವ ಆ ಕೊಳವೆಗಳ ಸೆನ್ಸಿಟಿವಿಟಿ 100 ಡೆಸಿಬಲ್ ಮೀರಿದ್ದು. ಕೆಲವೇ ವ್ಯಾಟ್ ಸಾಕು. ಆದರೆ ಅವುಗಳಲ್ಲಿ ಮದ್ದಳೆಯ ತಳಸ್ವರ ಇರುವುದಿಲ್ಲ. ಮಂದ್ರಕ್ಕೆ ಗಾಳಿಯನ್ನು ರಾಶಿಗಟ್ಟಲೆ ಅಲುಗಿಸಬೇಕು. ಸದ್ದಿನ ಮಟ್ಟ ಅಷ್ಟೇ ಇಟ್ಟುಕೊಂಡು 100 ಹರ್ಟ್ಜ್‌ನಿಂದ 50ಕ್ಕೆ ಇಳಿಯಬೇಕಾದರೆ ಕೋನ್ ನಾಲ್ಕು ಪಟ್ಟು ದೂರ ಚಲಿಸಬೇಕಾಗುತ್ತದೆ. ಆರೂವರೆ ಇಂಚಿನದು ಹಿಡಿಸುವ ಜಾಗವಿದ್ದರೆ ನಾಲ್ಕಿಂಚಿನದನ್ನು ಕೊಳ್ಳಬಾರದು ಎನ್ನುವುದಕ್ಕೆ ಕಾರಣ ಇಷ್ಟೇ. ಕೊಳ್ಳುವ ಮುನ್ನ ಆಳವನ್ನೂ ಅಳೆಯಿರಿ, ಇಲ್ಲದಿದ್ದರೆ ಗಾಜು ಇಳಿಸಿದಾಗ ಅದು ಅಯಸ್ಕಾಂತಕ್ಕೆ ಬಡಿಯುತ್ತದೆ.

ಈಗ ಬಾಗಿಲು. ಕೋನ್ ಮುಂದೆ ಬಂದಾಗ ಎದುರಿನ ಗಾಳಿ ಒತ್ತುತ್ತದೆ, ಬೆನ್ನಿನ ಗಾಳಿ ಸಡಿಲಾಗುತ್ತದೆ. ಇವೆರಡು ಸಂಧಿಸಿದರೆ ಮಂದ್ರ ಅಲ್ಲೇ ಸಮಾಪ್ತಿ. ಮನೆಯ ಸ್ಪೀಕರಿಗೆ ಮರದ ಪೆಟ್ಟಿಗೆ ಇರುವುದು ಅವೆರಡನ್ನು ದೂರ ಇಡಲು. ಕಾರಿನಲ್ಲಿ ಪೆಟ್ಟಿಗೆಯ ಪಾತ್ರ ಬಾಗಿಲಿನದು. ಆದರೆ ಅದರ ಒಳತಗಡಿನ ತುಂಬ ಕಿಂಡಿಗಳು, ಮೇಲೊಂದು ಪ್ಲಾಸ್ಟಿಕ್ ಹಾಳೆ. ಹೊರತಗಡೋ, ತಟ್ಟಿದರೆ ಡಬ್ಬದಂತೆ ನುಡಿಯುತ್ತದೆ. ಮದ್ದಳೆಯ ಮುಚ್ಚಿಗೆಯನ್ನು ಒಡೆದ ಡಬ್ಬಕ್ಕೆ ಬಿಗಿದು ನಾದ ಬರಲಿಲ್ಲ ಎಂದು ಗೊಣಗುವವರನ್ನು ನಾನು ಕಂಡಿಲ್ಲ. ಕಾರಿನ ವಿಷಯಕ್ಕೆ ಬಂದರೆ ನಾವೆಲ್ಲ ಅದನ್ನೇ ಮಾಡುತ್ತೇವೆ. ನನ್ನ ಕಾರಿನಲ್ಲಿ ಉಳಿದಿದ್ದ ಕೊರತೆ ಇದೇ. ಭಾವ ಹೊರತಗಡಿನ ನಡುಭಾಗಕ್ಕೆ ಬ್ಯೂಟೈಲ್ ರಬ್ಬರಿನ ಹಾಳೆ ಅಂಟಿಸಿದರು, ಕಿಂಡಿಗಳನ್ನು ಮುಚ್ಚಿದರು, ಸ್ಪೀಕರಿನ ಅಂಚಿಗೂ ತಗಡಿಗೂ ನಡುವೆ ಸಂದು ಉಳಿಯದಂತೆ ಬಳೆ ಕೂರಿಸಿದರು. ಆ ಸಂಜೆ ಕೇಳಿದ ಮದ್ದಳೆಯನ್ನು ಅದಕ್ಕೂ ಮೊದಲು ಆ ಕಾರಿನಲ್ಲಿ ನಾನು ಕೇಳಿರಲಿಲ್ಲ. ಹತ್ತು ಸಾವಿರ ರೂಪಾಯಿ ಇದ್ದರೆ ಅಷ್ಟನ್ನೂ ಸ್ಪೀಕರಿಗೆ ಸುರಿಯದೆ ಮೂರು ಸಾವಿರವನ್ನು ಬಾಗಿಲಿಗೆ ಎತ್ತಿಡಿ ಎನ್ನುವುದು ನನ್ನ ಹಟದ ಅಭಿಪ್ರಾಯ. ಹಿಂದಿನ ಸೀಟಿನ ಸ್ಪೀಕರುಗಳು ಆಮೇಲೆ.

ಮಂದ್ರವಾಯಿತು, ಮಾತು? ಶಕಾರದ ಸದ್ದಿನ ಜೀವ ಸುಮಾರು 2,500ರಿಂದ 4,000 ಹರ್ಟ್ಜ್‌ವರೆಗೆ, ಸಕಾರದ್ದು 5,000ಕ್ಕೂ ಮೇಲೆ. ಇವನ್ನು ನುಡಿಸುವ ಪುಟ್ಟ ಸ್ಪೀಕರ್, ಅಂದರೆ ಟ್ವೀಟರ್, ಮೊಣಕಾಲಿನ ಬಳಿ ಅವಿತಿದ್ದರೆ ಈ ಸಣ್ಣ ಅಲೆಗಳು ಕಿವಿಗೆ ಬರುವ ಮೊದಲು ಪಂಚೆ, ಸೀಟುಗಳಲ್ಲಿ ಇಂಗಿಹೋಗುತ್ತವೆ. ಸಾರಥಿ ಶಾರಥಿಯಾಗುತ್ತಾನೆ, ಅರ್ಥಧಾರಿಗಳ ತಪ್ಪೇನೂ ಇಲ್ಲ. ಟ್ವೀಟರ್ ಬೇರೆಯಾಗಿ ಬರುವ ಕಾಂಪೊನೆಂಟ್ ಜೋಡಿಯನ್ನು ಕೊಂಡರೆ ಅದನ್ನು ಕಿವಿಯ ಎತ್ತರದ ಹತ್ತಿರ ಕೂರಿಸಬಹುದು. ಟ್ವೀಟರನ್ನೂ ದೊಡ್ಡ ಕೋನನ್ನೂ ಒಂದೇ ಚೌಕಟ್ಟಿನಲ್ಲಿಟ್ಟ ಕೊಯಾಕ್ಸಿಯಲ್ ಅಗ್ಗ, ಜೋಡಿಸುವುದೂ ಸುಲಭ. ಬಾಗಿಲಿನಲ್ಲಿ ಸ್ಪೀಕರಿನ ಜಾಗ ಎತ್ತರದಲ್ಲಿದ್ದರೆ ಅದೇ ಸಾಕು. ಅಂಗಡಿಯ ಹಲಗೆಯ ಮೇಲೆ ಸಾಲಾಗಿ ಕೂರಿಸಿದ ಸ್ಪೀಕರುಗಳನ್ನು ಒಂದೊಂದಾಗಿ ಕೇಳಿ ತೀರ್ಮಾನಿಸುವವರಿಗೆ ಒಂದು ಎಚ್ಚರಿಕೆ: ಒಂದೆರಡು ಡೆಸಿಬಲ್ ಜೋರಾಗಿ ನುಡಿಯುವುದು ನಮ್ಮ ಕಿವಿಗೆ "ಚೆನ್ನಾಗಿದೆ" ಎಂದೇ ಕೇಳಿಸುತ್ತದೆ. ಸದ್ದು ಸಮ ಮಾಡಿ ಕೇಳಿಸಲು ಹೇಳಿ. ಓಡುವ ಕಾರಿನ ಚಕ್ರದ ಸದ್ದು ಮಂದ್ರವನ್ನೇ ನುಂಗುವುದರಿಂದ ನಿಂತ ಅಂಗಡಿಯಲ್ಲಿ ತುಸು ಹೆಚ್ಚು ಎನಿಸುವ ಗುಂಕಾರ ರಸ್ತೆಯಲ್ಲಿ ಸರಿಹೋಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಇಷ್ಟಕ್ಕೇ ಮುಗಿಯುವುದಿಲ್ಲ. ಕಾರವಾರದ ಕಡಲ ಬದಿಯಲ್ಲಿ ಉಪ್ಪುಗಾಳಿ, ಶಿರಸಿಯಲ್ಲಿ ತಿಂಗಳುಗಟ್ಟಲೆ ತೇವ. ಕೋನಿನ ಸುತ್ತಲಿನ ಮೆತ್ತನೆಯ ಅಂಚು ಫೋಮಿನದಾದರೆ ತೇವ ಅದರ ಅಣುಗಳನ್ನೇ ಕತ್ತರಿಸಿ ಕೆಲವು ವರ್ಷಗಳಲ್ಲಿ ಪುಡಿಪುಡಿ ಮಾಡುತ್ತದೆ. ರಬ್ಬರಿನ ಅಂಚು ಬಾಳುತ್ತದೆ. ಕಾಗದದ ಕೋನಿನ ಸ್ವರ ನನಗೆ ಇಷ್ಟ, ಆದರೂ ಇಲ್ಲಿಗೆ ಪಾಲಿಪ್ರೊಪಿಲೀನ್ ಕೋನೇ ಲೇಸು. ಕಪ್ಪು ಫೆರೈಟ್ ಅಯಸ್ಕಾಂತ ಮೂಲತಃ ಕಬ್ಬಿಣದ ಆಕ್ಸೈಡ್, ಒಂದು ಬಗೆಯಲ್ಲಿ ಮೊದಲೇ ತುಕ್ಕು ಹಿಡಿದದ್ದು. ಅದಕ್ಕೆ ಮತ್ತೆ ತುಕ್ಕಿನ ಭಯವಿಲ್ಲ. ಪುಟ್ಟದಾಗಿದ್ದರೂ ಬಲಶಾಲಿಯಾದ ನಿಯೋಡಿಮಿಯಮ್ ಅಯಸ್ಕಾಂತಕ್ಕೆ ಮೇಲಿನ ಲೇಪವೇ ರಕ್ಷೆ. ಬಳೆಯನ್ನು ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಯಲ್ಲಿ ಕೊರೆಸಿದರೆ ಒಂದೇ ಮಳೆಗಾಲಕ್ಕೆ ಊದಿ ಹಪ್ಪಳವಾಗುತ್ತದೆ. ಪ್ಲಾಸ್ಟಿಕ್ಕಿನದು ಇರಲಿ.

ಹಲವರಿಗೆ ಗೊತ್ತಿಲ್ಲದ ಸಂಗತಿಯೆಂದರೆ ಬಾಗಿಲಿನ ಒಳಗೆ ಮಳೆನೀರು ಬರುವುದು ದೋಷವಲ್ಲ. ಗಾಜಿನ ಮೇಲೆ ಇಳಿದ ನೀರು ಬಾಗಿಲೊಳಗೆ ಹೊಕ್ಕು ತಳದ ರಂಧ್ರಗಳಿಂದ ಹೊರಬೀಳಲೆಂದೇ ಅದನ್ನು ಮಾಡಿರುತ್ತಾರೆ. ಸ್ಪೀಕರಿನ ಬೆನ್ನು ಇರುವುದು ಆ ನೀರಿನ ದಾರಿಯಲ್ಲಿ. ಕೊಳೆ ರೋಗ ಬಾರದಿರಲಿ ಎಂದು ಅಡಿಕೆ ಗೊನೆಗೆ ಕೊಟ್ಟೆ, ಅಂದರೆ ಮಳೆ ತಡೆಯುವ ಹೊದಿಕೆ, ಕಟ್ಟುವ ಊರಿನವರಾದ ಭಾವ ಸ್ಪೀಕರಿನ ಬೆನ್ನಿಗೂ ಮೇಲಿನಿಂದ ಒಂದು ಪ್ಲಾಸ್ಟಿಕ್ ಕೊಟ್ಟೆ ಕಟ್ಟಿದ್ದಾರೆ, ಗಾಳಿಯಾಡಲು ಕೆಳಗೆ ತೆರೆದು ಬಿಟ್ಟು. ತಳದ ರಂಧ್ರಗಳ ಮೇಲೆ ಮಾತ್ರ ರಬ್ಬರ್ ಹಾಳೆ ಬೀಳದಂತೆ ನೋಡಿಕೊಂಡರು. ಮೇ ತಿಂಗಳ ಕೊನೆಗೆ ನಾನು ನಾಲ್ಕೂ ಬಾಗಿಲುಗಳ ಅಡಿಗೆ ಬಗ್ಗಿ, ಹಿಡಿಕಡ್ಡಿಯಿಂದ ಆ ರಂಧ್ರಗಳ ಮಣ್ಣು ತೆಗೆಯುತ್ತೇನೆ. ಎಡಬಾಗಿಲಿನ ಮೂರನೆಯ ರಂಧ್ರ ಪ್ರತಿ ವರ್ಷವೂ ಕಟ್ಟಿಕೊಂಡಿರುತ್ತದೆ.