ಗ್ಯಾಸ್ಟ್ರಿಕ್ ಮಾತ್ರೆಯ ಮರೆಯಲ್ಲಿ ಉಳಿಯುವ ರೋಗಾಣು

ದಾವಣಗೆರೆಯಲ್ಲಿ ಎದೆಯುರಿ, ಹೊಟ್ಟೆಯುಬ್ಬರ ಎಂದು ಬರುವವರಲ್ಲಿ ಹೆಚ್ಚಿನವರು ತಪ್ಪನ್ನೆಲ್ಲ ಮಂಡಕ್ಕಿ-ಮಿರ್ಚಿಯ ಮೇಲೆ ಹೊರಿಸಿಯೇ ಬಂದಿರುತ್ತಾರೆ. ಜಗಳೂರು ಕಡೆಯ, ಐವತ್ತು ದಾಟಿದ ರೈತರೊಬ್ಬರು ಔಷಧ ಅಂಗಡಿಯಿಂದ ತಾವೇ ಕೊಂಡು ನುಂಗಿದ ಗ್ಯಾಸ್ಟ್ರಿಕ್ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನು ಚೀಲದಿಂದ ತೆಗೆದು ನನ್ನ ಮೇಜಿನ ಮೇಲೆ ಹರಡಿದರು. ಉರಿ ಕಡಿಮೆಯಾಗಿತ್ತು; ಆದರೆ ತೂಕ ಇಳಿದಿತ್ತು, ರಕ್ತಹೀನತೆಯೂ ಇತ್ತು. ಎಂಡೋಸ್ಕೋಪಿ ಮಾಡಿ ಜಠರದ ಒಳಪದರದಿಂದ ಚಿವುಟಿ ತೆಗೆದ ಚೂರನ್ನು ಹಳದಿ ಜೆಲ್ಲಿನೊಳಗೆ ಇಟ್ಟಾಗ, ಅರ್ಧ ಗಂಟೆಯೊಳಗೆ ಅದು ಗುಲಾಬಿ ಬಣ್ಣಕ್ಕೆ ತಿರುಗಿತು.

ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಯೂರಿಯೇಸ್ ಕಿಣ್ವದಿಂದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಳ್ಳುತ್ತದೆ. ಜೆಲ್ಲಿನ ಬಣ್ಣ ಬದಲಿಸುವುದೂ, ಜಠರದ ತೀವ್ರ ಆಮ್ಲದ ನಡುವೆ ಅದನ್ನು ಬದುಕಿಸುವುದೂ ಇದೇ ಅಮೋನಿಯಾ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ 1982ರಲ್ಲಿ ಇದನ್ನು ಬೆಳೆಸಿ ತೋರಿಸಿದಾಗ ನಂಬಿದವರು ಕಡಿಮೆ. ಮಾರ್ಷಲ್ 1984ರಲ್ಲಿ ರೋಗಾಣುವಿನ ದ್ರಾವಣವನ್ನು ತಾವೇ ಕುಡಿದು ಜಠರದ ಉರಿಯೂತ ತರಿಸಿಕೊಂಡರು. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1994ರಲ್ಲೇ ಇದನ್ನು ನಿಶ್ಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು.

ಸೋಂಕು ಸಾಮಾನ್ಯವಾಗಿ ಬಾಲ್ಯದಲ್ಲೇ, ಮನೆಯೊಳಗೇ ತಗಲುತ್ತದೆ. ಕ್ಯಾನ್ಸರ್ ಬರುವುದಿದ್ದರೆ ಅದಕ್ಕೆ ದಶಕಗಳು ಬೇಕು. ಮೊದಲು ದೀರ್ಘಕಾಲದ ಉರಿಯೂತ, ಅದರಿಂದ ಆಮ್ಲ ಸ್ರವಿಸುವ ಗ್ರಂಥಿಗಳು ಸವೆಯುವುದು, ಬಳಿಕ ಜಠರದ ಪದರವೇ ಕರುಳಿನ ಪದರದಂತೆ ಮಾರ್ಪಡುವುದು, ಕೊನೆಗೆ ಕೋಶಗಳ ಅಡ್ಡಾದಿಡ್ಡಿ ಬೆಳವಣಿಗೆ — ಹೀಗೆ ಹಂತಹಂತವಾಗಿ ಅದು ಸಾಗುತ್ತದೆ. ಧೂಮಪಾನ ಮತ್ತು ಅತಿಯಾದ ಉಪ್ಪು ಈ ದಾರಿಯನ್ನು ಸುಗಮಗೊಳಿಸುತ್ತವೆ. ಹಾಗೆಂದು ಸೋಂಕಿರುವವರೆಲ್ಲ ಹೆದರಬೇಕಿಲ್ಲ: ಕ್ಯಾನ್ಸರ್ ಬರುವುದು ನೂರಕ್ಕೆ 1ರಿಂದ 3 ಮಂದಿಗೆ. ಭಾರತದಲ್ಲಿ ಸೋಂಕು ವ್ಯಾಪಕವಾಗಿದ್ದರೂ ಜಠರದ ಕ್ಯಾನ್ಸರ್ ಜಪಾನ್, ಕೊರಿಯಾಗಳಷ್ಟಿಲ್ಲ. ಆದರೆ ತೂಕ ಇಳಿಕೆ, ರಕ್ತಹೀನತೆ, ನುಂಗಲು ಕಷ್ಟ, ನಿಲ್ಲದ ವಾಂತಿ, ಡಾಂಬರಿನಂತೆ ಕಪ್ಪಾದ ಮಲ (ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುವುದುಂಟು) ಕಂಡವರಿಗೆ ಎಂಡೋಸ್ಕೋಪಿಯೇ ಆಗಬೇಕು.

ಉಳಿದವರಿಗೆ ಉಸಿರಿನ ಅಥವಾ ಮಲದ ಪರೀಕ್ಷೆ ಸಾಕು. ಇಲ್ಲಿಯೇ ಹೆಚ್ಚಿನವರು ಎಡವುವುದು: ಆಮ್ಲ ತಗ್ಗಿಸುವ ಮಾತ್ರೆ ರೋಗಾಣುವನ್ನು ನಿರ್ಮೂಲ ಮಾಡುವುದಿಲ್ಲ, ಅದರ ಸುಳಿವನ್ನಷ್ಟೇ ಅಡಗಿಸುತ್ತದೆ. ಪರೀಕ್ಷೆಗೆ ಎರಡು ವಾರ ಮೊದಲು ಆ ಮಾತ್ರೆಯನ್ನೂ, ನಾಲ್ಕು ವಾರ ಮೊದಲು ಆಂಟಿಬಯಾಟಿಕ್‌ಗಳನ್ನೂ ನಿಲ್ಲಿಸಿರದಿದ್ದರೆ ಸೋಂಕಿದ್ದರೂ ಇಲ್ಲವೆಂದು ವರದಿ ಬರಬಹುದು.

ಚಿಕಿತ್ಸೆ ಸಾಮಾನ್ಯವಾಗಿ 14 ದಿನ, ಮೂರು-ನಾಲ್ಕು ಬಗೆಯ ಔಷಧಗಳು ಒಟ್ಟಿಗೆ. ಬಾಯಿ ಕಹಿಯಾಯಿತೆಂದು ಐದನೇ ದಿನಕ್ಕೇ ಬಿಟ್ಟವರಲ್ಲಿ ಔಷಧಕ್ಕೆ ಬಗ್ಗದ ರೋಗಾಣುಗಳು ಉಳಿದುಬಿಡುತ್ತವೆ. ಮುಗಿಸಿದ ನಾಲ್ಕು ವಾರಗಳ ನಂತರ ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು.

ಆ ರೈತರ ಚೂರಿನಲ್ಲಿ ಕ್ಯಾನ್ಸರ್ ಇರಲಿಲ್ಲ. ಕರುಳಿನಂತೆ ಮಾರ್ಪಟ್ಟ ಪದರ ಜಠರದ ಬಹುಭಾಗದಲ್ಲಿತ್ತು. ರೋಗಾಣು ಹೋದರೂ ಅಂಥ ಪದರ ಪೂರ್ತಿ ಮೊದಲಿನಂತಾಗುವ ಭರವಸೆಯಿಲ್ಲದ ಕಾರಣ, ಮೂರು ವರ್ಷಕ್ಕೊಮ್ಮೆ ಎಂಡೋಸ್ಕೋಪಿಗೆ ಬರಲು ಅವರ ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ.