ಪರದೇಶದಲ್ಲಿ ಹುಷಾರು ತಪ್ಪಿದ್ರೆ ಬಿಲ್ ಯಾರ ತಲೆಗೆ?

ಯುರೋಪಿನೋರ ಪರ್ಸಲ್ಲಿ ಇಎಚ್‌ಐಸಿ (ಯುರೋಪಿಯನ್ ಆರೋಗ್ಯ ವಿಮೆ ಕಾರ್ಡ್) ಅಂತ ಒಂದು ನೀಲಿ ಕಾರ್ಡ್ ಇರುತ್ತೆ. ಪಕ್ಕದ ದೇಶಕ್ಕೆ ಹೋದಾಗ ಕಾಯಿಲೆ ಬಿದ್ರೆ ಅದನ್ನ ತೋರ್ಸಿದ್ರಾಯ್ತು, ಅಲ್ಲಿನ ಜನಕ್ಕೆ ಸರ್ಕಾರಿ ವ್ಯವಸ್ಥೇಲಿ ಏನು ರೇಟೋ ಇವರಿಗೂ ಅದೇ. ಇದು ಟೂರಿಸ್ಟ್‌ಗಳಿಗೋಸ್ಕರ ಹುಟ್ಟಿದ್ದು ಅನ್ಸುತ್ತೆ, ಆದ್ರೆ ಶುರುವಾಗಿದ್ದು ಕೂಲಿಗೆ ಗಡಿ ದಾಟಿದೋರಿಂದ.

ಎರಡನೇ ಮಹಾಯುದ್ಧ ಮುಗಿದ್ಮೇಲೆ ಬೆಲ್ಜಿಯಂಗೆ ಗಣಿಗಿಳಿಯೋ ಜನ ಬೇಕಿತ್ತು, ಇಟಲಿಗೆ ಕಲ್ಲಿದ್ದಲು ಬೇಕಿತ್ತು, 1946ರಲ್ಲಿ ಎರಡೂ ಮಾತಾಡ್ಕೊಂಡು ಸಾವಿರಾರು ಇಟಲಿಯೋರು ಗಣಿಗೆ ಹೋದ್ರು. ಹೀಗೆ ಹೋದೋರು ಹಾಸಿಗೆ ಹಿಡಿದ್ರೆ ನೋಡ್ಕೊಳ್ಳೋದು ಯಾರು, ಊರಲ್ಲಿ ಬಿಟ್ಟುಬಂದ ಹೆಂಡ್ತಿ ಮಕ್ಕಳ ಗತಿ ಏನು? ಈಗಿನ ಯುರೋಪಿಯನ್ ಒಕ್ಕೂಟದ ಹಳೇ ರೂಪವಾದ ಯುರೋಪಿಯನ್ ಆರ್ಥಿಕ ಸಮುದಾಯ 1958ರಲ್ಲಿ ಶುರುವಾದ ವರ್ಷಾನೇ ಇದಕ್ಕೆ ರೂಲ್ಸ್ ಮಾಡ್ತು, ಅದರ ನಂಬರೇ 3, ಅಂದ್ರೆ ಎಷ್ಟು ಅರ್ಜೆಂಟಿತ್ತು ನೋಡಿ. 1971ರಲ್ಲಿ ಅದರ ಜಾಗಕ್ಕೆ ಹೊಸದು ಬಂತು. ಆಮೇಲೆ ಪ್ರವಾಸಕ್ಕೆ ಹೊರಡೋ ಮುಂಚೆ ಇ111 ಅನ್ನೋ ಕಾಗದದ ಫಾರಂ ಮಾಡಿಸ್ಕೊಳ್ಳೋ ಕಾಲ, ಮರೆತು ಹೋದೋರಿಗೆ ಪೇಚಾಟ. ಕಾರ್ಡ್ ಬಂದಿದ್ದು 2004ರ ಜೂನಲ್ಲಿ.

ಕಾರ್ಡ್ ಇದ್ರೆ ಎಲ್ಲಾ ಫ್ರೀ ಅನ್ಕೋಬೇಡಿ. ಫ್ರಾನ್ಸಲ್ಲಿ ಡಾಕ್ಟ್ರಿಗೆ ಮೊದ್ಲು ದುಡ್ಡು ಕೊಟ್ಟು ಆಮೇಲೆ ಒಂದು ಪಾಲು ವಾಪಸ್ ತಗೋಬೇಕು, ಯಾಕಂದ್ರೆ ಅಲ್ಲಿನೋರೂ ಹಾಗೇ ಮಾಡೋದು. ಪ್ರೈವೇಟ್ ಆಸ್ಪತ್ರೆ, ಹಿಮದ ಬೆಟ್ಟದಿಂದ ಹೊತ್ತು ತರೋ ಖರ್ಚು, ವಿಮಾನದಲ್ಲಿ ಮಲಗಿಸಿ ಮನೆಗೆ ಕರ್ಕೊಂಡು ಬರೋದು, ಇದ್ಯಾವುದೂ ಇದರಲ್ಲಿಲ್ಲ. ಇನ್ಶೂರೆನ್ಸ್ ಬೇಕೇಬೇಕು.

ಲೆಕ್ಕ ಚುಕ್ತಾ ಮಾಡೋ ರೀತೀಲೂ ಎರಡು ಥರ. ಯುರೋಪಲ್ಲಿ ಸಾಮಾನ್ಯವಾಗಿ ಒಂದು ದೇಶ ಇನ್ನೊಂದಕ್ಕೆ ಬಿಲ್ ಕಳಿಸುತ್ತೆ. ಬ್ರಿಟನ್ ಆಸ್ಟ್ರೇಲಿಯಾ ಮಧ್ಯೆ ಅದೆಲ್ಲ ಇಲ್ಲ, ನಮ್ಮೋರನ್ನ ನೀವು ನೋಡಿ, ನಿಮ್ಮೋರನ್ನ ನಾವು ನೋಡ್ತೀವಿ, ಅಷ್ಟೆ. ಆಸ್ಟ್ರೇಲಿಯಾಗೆ ಇಂಥ ಒಪ್ಪಂದ ಇರೋದು 11 ದೇಶಗಳ ಜೊತೆ, ಇಟಲಿ ಮಾಲ್ಟಾದೋರಿಗೆ ಮಾತ್ರ ಈ ಸೌಲಭ್ಯ ಬಂದಿಳಿದ ಮೇಲೆ ಆರೇ ತಿಂಗಳು.

ಬ್ರಿಟನ್‌ದು ಇನ್ನೊಂದು ಕಥೆ. 1948ರಲ್ಲಿ ಎನ್‌ಎಚ್‌ಎಸ್ ಅನ್ನೋ ಸರ್ಕಾರಿ ಆರೋಗ್ಯ ಸೇವೆ ಬಂದಾಗ ಹೊರಗಿನೋರಿಗೂ ಫ್ರೀ ಇತ್ತು, ಚಾರ್ಜ್ ಮಾಡೋ ಅಧಿಕಾರ ಮರುವರ್ಷವೇ ಕಾನೂನಲ್ಲಿ ಬಂದ್ರೂ ಅದನ್ನ ನಿಜವಾಗಿ ಬಳಸಿದ್ದು 1982ರಲ್ಲಿ! ಬ್ರೆಕ್ಸಿಟ್, ಅಂದ್ರೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟಿದ್ದು, ಆದ್ಮೇಲೆ 2021ರಲ್ಲಿ ಇಎಚ್‌ಐಸಿ ಬದಲಿಗೆ ಜಿಎಚ್‌ಐಸಿ ಅಂತ ತನ್ನದೇ ಬೇರೆ ಕಾರ್ಡ್ ತಂದ್ರು. ಒಪ್ಪಂದ ಮುರಿದುಬಿದ್ದಿದ್ದೂ ಉಂಟು, ಪಕ್ಕದಲ್ಲೇ ಇರೋ ಗರ್ನ್‌ಸಿ ದ್ವೀಪದ್ದು 2009ರಲ್ಲಿ ನಿಂತೋಯ್ತು, ಮತ್ತೆ ಶುರುವಾಗಿದ್ದು 2023ರ ಜನವರೀಲಿ.