ಗ್ಯಾಸ್ ಗೀಸರಿಗೆ ಗಾಳಿ ಎಲ್ಲಿಂದ?

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಹಳೆಯ ತೋಟದ ಮನೆಗಳಲ್ಲಿ ಅಬ್ಬಿಕೊಟ್ಟಗೆಯ, ಅಂದರೆ ಬಚ್ಚಲುಮನೆಯ, ಗೋಡೆ ಮಾಡಿಗೆ ಮುಟ್ಟುತ್ತಿರಲಿಲ್ಲ. ಅಡಿಕೆ ಸಿಪ್ಪೆಯೋ ತೆಂಗಿನ ಮಡಲೋ ಉರಿಯುವ ಒಲೆಗೆ ಬೇಕಾದ ಗಾಳಿ ಯಾರೂ ಲೆಕ್ಕ ಹಾಕದೆಯೇ ಒದಗುತ್ತಿತ್ತು. ಈಗ ಹಂಡೆಯ ಬದಲು ಗ್ಯಾಸ್ ಗೀಸರ್ ಬಂದು, ಬಿಗಿಯಾದ ಬಾಗಿಲಿನ ಸ್ನಾನದ ಕೋಣೆಯೊಳಗೇ ಗೋಡೆಗೇರಿದೆ. ಆಟಿಯ ಮಳೆಯಲ್ಲಿ ಇರಚಲು ಹೊಡೆಯುತ್ತದೆಂದು ವೆಂಟಿಲೇಟರಿಗೆ ರಟ್ಟು ಸಿಕ್ಕಿಸುವ ಅಭ್ಯಾಸ ನಮ್ಮ ಮನೆಯಲ್ಲೂ ಇತ್ತು.

ಆ ರಟ್ಟು ಎಷ್ಟು ಅಪಾಯಕಾರಿಯೆಂದು ಲೆಕ್ಕ ಹಾಕಿದಾಗಲೇ ತಿಳಿದದ್ದು. 1 ಕಿಲೋ ಅಡುಗೆ ಅನಿಲ ಪೂರ್ತಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರ್ ಪೂರ್ಣ ಉರಿಯಲ್ಲಿ ಗಂಟೆಗೆ ಹೆಚ್ಚುಕಡಿಮೆ 1 ಕಿಲೋ ಅನಿಲವನ್ನು ಸುಡುವುದರಿಂದ, 15 ನಿಮಿಷದ ಸ್ನಾನಕ್ಕೆ 3 ಘನ ಮೀಟರ್ ಗಾಳಿ ಖರ್ಚಾಗುತ್ತದೆ. 5 ಅಡಿ ಅಗಲ, 7 ಅಡಿ ಉದ್ದ, 9 ಅಡಿ ಎತ್ತರದ ಕೋಣೆಯಲ್ಲಿ ಇರುವುದೇ ಸುಮಾರು 9 ಘನ ಮೀಟರ್. ಅದರಲ್ಲಿ ಮೀಯುವವರ ಉಸಿರಿಗೂ ಪಾಲಿದೆ.

ಗಾಳಿಯಲ್ಲಿ ಶೇ. 21ರಷ್ಟಿರುವ ಆಮ್ಲಜನಕ ಕುಸಿಯುತ್ತ ಹೋದಂತೆ ಉರಿ ಅರೆಬರೆಯಾಗಿ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಸೋರಿದ ಅನಿಲವನ್ನು ಮೂಗು ಹಿಡಿಯುವುದು ಅದಕ್ಕೆ ಬೆರೆಸಿದ ಮರ್ಕ್ಯಾಪ್ಟನ್ ಎಂಬ ಕಟುವಾಸನೆಯ ರಾಸಾಯನಿಕದಿಂದ; ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆ ಸುತ್ತುವಾಗ ಬಿಸಿನೀರಿನ ಹಬೆಯೇ ಕಾರಣವೆಂದುಕೊಂಡು ಅಲ್ಲೇ ಕುಳಿತುಬಿಡುವವರಿದ್ದಾರೆ.

ಮನೆಯನ್ನೇ ಗ್ಯಾಸ್ ಫರ್ನೇಸಿನಿಂದ ಬೆಚ್ಚಗಿಡುವ ಅಮೆರಿಕದಲ್ಲಿ ಇದಕ್ಕೊಂದು ರೂಢಿಯ ಲೆಕ್ಕವಿದೆ: ಒಳಗಿನ ಗಾಳಿಯನ್ನೇ ಬಳಸುವ ಸಾಧನ ಗಂಟೆಗೆ ಸುಡುವ ಪ್ರತಿ 1,000 ಬಿಟಿಯು (ಶಾಖವನ್ನಳೆಯುವ ಒಂದು ಮಾನ) ಶಾಖಕ್ಕೆ 50 ಘನ ಅಡಿ ಜಾಗವಿರಬೇಕು. ನಮ್ಮ ಗೀಸರಿನದು ಗಂಟೆಗೆ ಸುಮಾರು 40,000 ಬಿಟಿಯು. ಬೇಕಾದದ್ದು 2,000 ಘನ ಅಡಿ, ಸ್ನಾನದ ಕೋಣೆಯಲ್ಲಿರುವುದು 315. ಅಷ್ಟು ಜಾಗವಿಲ್ಲದ ಕಡೆ ನೆಲದ ಹತ್ತಿರ ಒಂದು, ಮೇಲ್ಛಾವಣಿಯ ಹತ್ತಿರ ಒಂದು, ಹೀಗೆ ಎರಡು ಕಿಂಡಿಗಳನ್ನು ಇಡುವುದು ಅಲ್ಲಿನ ರೂಢಿ. ತಂಪು ಗಾಳಿ ಕೆಳಗಿನಿಂದ ಬಂದು ಬಿಸಿ ಗಾಳಿ ಮೇಲಿನಿಂದ ಹೋಗಬೇಕಲ್ಲ! ಕೆಳಗೆ ಕಿಂಡಿಯಿಲ್ಲದೆ ಎಕ್ಸಾಸ್ಟ್ ಫ್ಯಾನ್ ಮಾತ್ರ ಹಾಕಿದರೆ ಅದು ಹೊಗೆಕೊಳವೆಯ ಹೊಗೆಯನ್ನೇ ಒಳಕ್ಕೆ ಎಳೆಯಲೂಬಹುದು.

ನನ್ನ ಮಟ್ಟಿಗೆ ಕಿಂಡಿಗಿಂತ ಒಳ್ಳೆಯ ಉಪಾಯ ಗೀಸರನ್ನೇ ಹೊರಗಿಡುವುದು. ಕಳೆದ ಮಳೆಗಾಲಕ್ಕೆ ಮೊದಲು ನಮ್ಮದನ್ನು ಹಿಂದಿನ ಜಗಲಿಯ ಮಾಡಿನಡಿಗೆ ಸಾಗಿಸಿ, ಬಿಸಿನೀರಿನ ಪೈಪನ್ನಷ್ಟೇ ಗೋಡೆ ಕೊರೆದು ಒಳಗೆ ತಂದೆವು. ಬಿಸಿನೀರು ಬರಲು ಈಗ ತುಸು ಹೊತ್ತು ಕಾಯಬೇಕು.